ಸಂದಿ ಮೇಡಂ ಮತ್ತು ಮಾತು ನಿಂತ ಸೂತ್ರಗಳು

ಆಫೀಸಿನಲ್ಲಿ ಅವಳನ್ನು ಎಲ್ಲರೂ ಸಂದಿ ಮೇಡಂ ಎಂದೇ ಕರೆಯುತ್ತಿದ್ದರು. ಎದುರಿಗೆ ಸಂದಿ ಮೇಡಂ, ಬೆನ್ನ ಹಿಂದೆ ಬರೀ ಸಂದಿ. ಅದು ಅವಳಿಗೂ ಗೊತ್ತಿತ್ತು, ಬೇಸರವೇನೂ ಇರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ "ಇಲ್ಲಿ ಸಂದಿ ಸಾಲದು", "ಅಲ್ಲಿ ಸಂದಿ ಜಾಸ್ತಿ ಆಯ್ತು" ಎಂದು ಗೊಣಗುತ್ತ ತಿರುಗುವವಳಿಗೆ ಬೇರೆ ಯಾವ ಹೆಸರು ತಾನೇ ಅಂಟಿಕೊಂಡೀತು?

ಗಣಿತದ ಪುಸ್ತಕಗಳನ್ನು ವೆಬ್ ಪುಟಗಳಾಗಿ ಮಾಡಿ ಕಾಲೇಜುಗಳಿಗೆ ಒದಗಿಸುವ ಕಂಪನಿ ಅದು. ಅವಳ ಮೇಜು ಜೆರಾಕ್ಸ್ ಯಂತ್ರದ ಪಕ್ಕದಲ್ಲಿತ್ತು. ಯಾರಾದರೂ ಪ್ರತಿ ತೆಗೆದರೆ ಬಿಸಿಗಾಳಿ ನೇರ ಮೊಣಕಾಲಿಗೆ ಹೊಡೆಯುತ್ತಿತ್ತು. ಮೇಜಿನ ಮೇಲೆ ಸಾಲಾಗಿ ಮೊಬೈಲುಗಳು: ಹೊಸವು, ಹಳೆಯವು, ಗಾಜು ಒಡೆದವು, ಯಾರೋ ಕೆಲಸ ಬಿಡುವಾಗ ಬಿಟ್ಟುಹೋದವು. ಒಂದೇ ಪುಟವನ್ನು ಅಷ್ಟರಲ್ಲೂ ತೆರೆದು, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡು, ಸೂತ್ರಗಳನ್ನು ಒಂದೊಂದಾಗಿ ನೋಡುವುದು ಅವಳ ಕೆಲಸ. ಇದಕ್ಕೆ ಮೊದಲು ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದಳು. ಅದು ಬಾಗಿಲು ಹಾಕಿದ ಮೇಲೆ ಇಲ್ಲಿಗೆ ಬಂದಿದ್ದಳು.

ಸಂದಿ ಎಂದರೆ ಸುಮ್ಮನೆ ಅಂದಚೆಂದದ ವಿಷಯವಲ್ಲ ಎಂದು ಅವಳು ಹೊಸಬರಿಗೆಲ್ಲ ಹೇಳುತ್ತಿದ್ದಳು. ಏಳರಲ್ಲಿ ಮೂರನ್ನು ಕಳೆಯಬೇಕಾದರೆ ನಡುವಿನ ಗೆರೆಗೆ ಎರಡೂ ಕಡೆ ಉಸಿರಾಡಲು ಜಾಗ ಬೇಕು. ಅದೇ ಗೆರೆ ಮೂರಕ್ಕೆ ಅಂಟಿಕೊಂಡು ಕೂತರೆ ಅದು ಋಣ ಮೂರು. ಗೆರೆ ಒಂದೇ, ಪಕ್ಕದ ಜಾಗ ಬದಲಾದರೆ ಅರ್ಥವೇ ಬೇರೆ. ಹೊಸಬರು ತಲೆಯಾಡಿಸಿ ತಮ್ಮ ತಮ್ಮ ಜಾಗಕ್ಕೆ ಹೋಗುತ್ತಿದ್ದರು.

ಮನೆಯಲ್ಲಿ ಇದ್ದವರು ಮೂವರು: ಅವಳು, ತಾಯಿ, ತಮ್ಮ. ತಮ್ಮ ಅವಳಿಗಿಂತ ಬಹಳ ಚಿಕ್ಕವನು. ಎತ್ತಿ ಆಡಿಸಿದ್ದು, ಶಾಲೆಗೆ ಕರೆದುಕೊಂಡು ಹೋಗಿದ್ದು, ಮಗ್ಗಿ ಬಾಯಿಪಾಠ ಮಾಡಿಸಿದ್ದು ಎಲ್ಲ ಅವಳೇ. ಗಣಿತ ಅವನಿಗೆ ನೀರು ಕುಡಿದಷ್ಟು ಸಲೀಸು. ಡಿಗ್ರಿ ಓದುತ್ತಿದ್ದಾಗ ಒಂದು ದಿನ ಮನೆಗೆ ಬಂದವನು, "ಮೇಷ್ಟ್ರು ಯಾವುದೋ ಕಳಪೆ ಸೀಮೆಸುಣ್ಣದಲ್ಲಿ ಬರೀತಾರಕ್ಕ, ಏನೂ ಕಾಣಲ್ಲ" ಎಂದ. ಸೀಮೆಸುಣ್ಣ ಸರಿಯಾಗಿಯೇ ಇತ್ತು. ಕಣ್ಣಿನ ನರ ಒಣಗುತ್ತಿದೆ ಎಂದರು ಡಾಕ್ಟರು. ಒಂದು ಕಣ್ಣು ಹೋಯಿತು, ಹಿಂದೆಯೇ ಇನ್ನೊಂದೂ ಹೋಯಿತು. ಓದು ಅರ್ಧಕ್ಕೆ ನಿಂತಿತು. ಬಹಳ ಕಾಲ ಅವನು ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದ. ಆಮೇಲೆ ಹೇಗೋ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿತು. ಹೊರಗಿನಿಂದ ಬರುವ ಫೋನ್ ಎತ್ತಿ, ಯಾವ ವಾರ್ಡಿಗೆ ಬೇಕೋ ಆ ವಾರ್ಡಿಗೆ ಜೋಡಿಸುವುದು.

ವೆಬ್ ಪುಟದ ಸೂತ್ರಗಳಿಗೆ ಕಣ್ಣಿಗೆ ಬೀಳದ ಇನ್ನೊಂದು ಬರಹ ಇರುತ್ತದೆ, ಪರದೆಯನ್ನು ಓದಿ ಹೇಳುವ ತಂತ್ರಾಂಶ ಅದನ್ನು ಹಿಡಿದು ಜೋರಾಗಿ ಓದುತ್ತದೆ ಎಂಬುದು ಅವಳಿಗೆ ಗೊತ್ತಾಗಿದ್ದು ಈ ಕಂಪನಿಗೆ ಬಂದ ಮೇಲೆ. ಹಳೆಯ ಲ್ಯಾಪ್‌ಟಾಪಿಗೆ ಆ ತಂತ್ರಾಂಶ ಹಾಕಿಸಿಕೊಂಡು ಬಂದು, ತಮ್ಮನ ಮುಂದಿಟ್ಟು, ತನ್ನ ಕಂಪನಿಯ ಒಂದು ಪುಟ ತೆರೆದಳು. "ಭಿನ್ನರಾಶಿ ಶುರು. ಮೇಲೆ ಎ ಪ್ಲಸ್ ಬಿ. ಕೆಳಗೆ ಸಿ. ಭಿನ್ನರಾಶಿ ಮುಗಿಯಿತು," ಎಂದಿತು ಯಂತ್ರ. ತಮ್ಮನ ಕೈ ಮೇಜಿನ ಮೇಲೆ ಹಾಗೇ ನಿಂತಿತು.

"ಇನ್ನೊಂದ್ ಸಲ ಹೇಳಿಸು," ಎಂದ.

ಅಂದಿನಿಂದ ಅವನಿಗೆ ಅದೇ ಹುಚ್ಚು. ಕೆಲಸ ಮುಗಿಸಿ ಬಂದು ಕೂತರೆ ಊಟಕ್ಕೆ ನಾಲ್ಕು ಸಲ ಕರೆಯಬೇಕು. ಯಂತ್ರದ ಮಾತಿನ ವೇಗವನ್ನು ಏರಿಸಿ ಏರಿಸಿ, ಬೇರೆಯವರಿಗೆ ಒಂದು ಅಕ್ಷರವೂ ತಿಳಿಯದ ಹಾಗೆ ಮಾಡಿಕೊಂಡಿದ್ದ.

"ಅದೇನೋ ಅದು, ಯಾರನ್ನೋ ಹಿಡ್ಕೊಂಡು ಬೈದಂಗಿದೆ," ಎನ್ನುತ್ತಿದ್ದಳು ತಾಯಿ, ಅಡುಗೆಮನೆಯಿಂದ.

"ನನ್ನನ್ನೇ ಬೈತಿರೋದಮ್ಮ. ಲೆಕ್ಕ ತಪ್ಪು ಮಾಡ್ದೆ ಅಂತ."

"ಬೈಲಿ ಬೈಲಿ. ನಾನು ಬೈದ್ರೆ ಎಲ್ಲಿ ಕೇಳ್ತೀಯ ನೀನು."

ನಿಂತ ಓದನ್ನು ಅವನು ಅದೇ ಪುಟಗಳಿಂದ ಮತ್ತೆ ಹಿಡಿದ. ಅಂಧರ ಶಾಲೆಯೊಂದರಲ್ಲಿ ಗಣಿತ ಕಲಿಸುವವರಿಲ್ಲದೆ ಜಾಗ ಖಾಲಿ ಬಿದ್ದಿತ್ತು. ಅಲ್ಲಿಯ ಮುಖ್ಯೋಪಾಧ್ಯಾಯರು ಇವನ ಜೊತೆ ಅರ್ಧ ದಿನ ಮಾತಾಡಿ, "ಡಿಗ್ರಿ ಮುಗಿಸ್ಕೊಂಡು ಬನ್ನಿ, ಅಲ್ಲೀವರೆಗೂ ಹೇಗೋ ತಳ್ತೀನಿ," ಎಂದಿದ್ದರು. ಉಳಿದಿದ್ದದ್ದು ಕೊನೆಯ ವರ್ಷದ ಪರೀಕ್ಷೆ. ಆ ದಿನಗಳಲ್ಲಿ ಅವನು ಸ್ನಾನದ ಮನೆಯಲ್ಲಿ ಹಾಡುತ್ತಿದ್ದ. ಗಂಟಲು ಮಾತ್ರ ದೇವರಿಗೇ ಪ್ರೀತಿ.

ಹೀಗಿರುವಾಗ ಕಂಪನಿಯವರಿಗೆ ತಮ್ಮ ಪುಟಗಳು ಹಳೆಯ ಕಾಲದವಾಗಿ ಕಾಣತೊಡಗಿದವು. ಹೊಸ ವಿನ್ಯಾಸ ಬಂತು. ತಿಳಿ ಬಣ್ಣ, ಅಕ್ಷರಗಳ ನಡುವೆ ಸ್ವಲ್ಪ ಗಾಳಿಯಾಡುವ ಹಾಗೆ ಜಾಗ. ಎಲ್ಲರೂ ಭೇಷ್ ಎಂದರು. ಮಾರನೆಯ ಬೆಳಿಗ್ಗೆ ಒಂದು ಕಾಲೇಜಿನ ಗಣಿತ ವಿಭಾಗದ ಮುಖ್ಯಸ್ಥೆ ಫೋನ್ ಮಾಡಿದರು. ಅವರ ದನಿ ಕೇಳಿ ಮ್ಯಾನೇಜರು ಕುರ್ಚಿಯಿಂದ ಎದ್ದು ನಿಂತೇಬಿಟ್ಟರು.

"ಏನ್ರೀ ಇದು, ನಿಮ್ಮ ಪುಟದಲ್ಲಿ ಎರಡೂಕಾಲು ಹೋಗಿ ಐದೂಕಾಲು ಆಗಿದೆಯಲ್ರೀ!"

ಆಗಿದ್ದು ನಿಜ. ಎರಡು, ಸ್ವಲ್ಪ ಜಾಗ, ಆಮೇಲೆ ಓರೆಗೆರೆ ಹಾಕಿ ಒಂದು ಬೈ ನಾಲ್ಕು ಎಂದು ಒಂದೇ ಸಾಲಿನಲ್ಲಿ ಬರೆದದ್ದರಲ್ಲಿ ಆ ಜಾಗ ಮಾಯವಾಗಿ ಇಪ್ಪತ್ತೊಂದು ಬೈ ನಾಲ್ಕು ಎಂದು ಕೂತಿತ್ತು. ಬೇರೆ ಕಡೆ ಸಮ ಚಿಹ್ನೆ ಪಕ್ಕದ ಅಕ್ಷರದ ಮೈಮೇಲೆ ಬಿದ್ದಿತ್ತು. ಇನ್ನೊಂದು ಕಡೆ ಒಟ್ಟಿಗಿರಬೇಕಾದ ಅಂಕಿಗಳು ಜಗಳವಾಡಿದವರಂತೆ ದೂರ ದೂರ ನಿಂತಿದ್ದವು.

ಅವಳ ಜೊತೆಗೆ ಕೋಡ್ ಬರೆಯುವ ಒಬ್ಬ ಹುಡುಗಿಯನ್ನು ಕೊಟ್ಟರು. ಮಾತು ಬೆರಳು ಎರಡೂ ಚುರುಕಾಗಿದ್ದ ಆ ಹುಡುಗಿಗೆ ಆಫೀಸಿನವರು ಪಿಟಿಪಿಟಿ ಎಂದು ಹೆಸರಿಟ್ಟಿದ್ದರು.

"ನನ್ನ ಮೊಬೈಲಲ್ಲಿ ಎಲ್ಲಾ ಸರಿಯಾಗೇ ಕಾಣತ್ತಲ್ಲ ಮೇಡಂ," ಎಂದಳು ಪಿಟಿಪಿಟಿ ಮೊದಲ ದಿನ.

"ನಿನ್ನ ಮೊಬೈಲಲ್ಲಿ ಓದೋದು ನೀನೊಬ್ಳೇ ಕಣಮ್ಮ. ಇಲ್ಲಿ ನೋಡು," ಎಂದು ಸಂದಿ ಮೇಡಂ ಗಾಜು ಒಡೆದ ಹಳೆಯ ಮೊಬೈಲನ್ನು ಹುಡುಗಿಯ ಮುಂದೆ ಹಿಡಿದಳು.

ಪುಟದ ಒಂದು ನಕಲು ಮಾಡಿಕೊಂಡು, ಅದರಿಂದ ಒಂದೊಂದೇ ಭಾಗವನ್ನು ಕಿತ್ತುಹಾಕುತ್ತ ಹೋದರು. ತಲೆಬರಹ ತೆಗೆದರು, ತಪ್ಪು ಹಾಗೇ ಇತ್ತು. ಪಕ್ಕದ ಪಟ್ಟಿ ತೆಗೆದರು, ಹಾಗೇ ಇತ್ತು. ಹೊಸ ವಿನ್ಯಾಸದ ಅಪ್ಪಣೆಗಳನ್ನು ಸಾಲು ಸಾಲಾಗಿ ಅಳಿಸುತ್ತ ಬಂದಾಗ ಒಂದು ಕಡೆ ಸಿಕ್ಕಿಬಿತ್ತು. ಅಕ್ಷರಗಳ ನಡುವೆ ಜಾಗ ಹೆಚ್ಚಿಸು ಎಂದು ಇಡೀ ಪುಟಕ್ಕೆ ಕೊಟ್ಟ ಅಪ್ಪಣೆ ಸೂತ್ರಗಳಿಗೂ ತಗುಲಿಕೊಂಡು, ಒಟ್ಟಿಗಿರಬೇಕಾದ ಅಂಕಿಗಳನ್ನು ಚದುರಿಸಿತ್ತು. ಸೂತ್ರಗಳನ್ನು ಅದರಿಂದ ಹೊರಗಿಟ್ಟರು. ಸರಿಹೋಯಿತು. ಇಬ್ಬರೂ ಕೆಳಗೆ ಹೋಗಿ ಟೀ ಕುಡಿದು ಬಂದರು.

ಮಾರನೆಯ ದಿನ ಐದೂಕಾಲು ಹಾಗೇ ಇದೆ ಎಂದು ಮತ್ತೆ ಫೋನ್. ಈ ಸಲದ ಕಾರಣ ಬೇರೆ. ನಿಧಾನವಾದ ಸಂಪರ್ಕದಲ್ಲಿ ಸೂತ್ರದ ಫಾಂಟ್ ತಡವಾಗಿ ಬರುತ್ತಿತ್ತು. ಜಾಗ ಅಳೆಯುವ ಹೊತ್ತಿಗೆ ಒಂದು ಫಾಂಟ್, ಬರೆಯುವ ಹೊತ್ತಿಗೆ ಇನ್ನೊಂದು. ಅಣ್ಣನ ಅಳತೆ ತೆಗೆದು ತಮ್ಮನಿಗೆ ಅಂಗಿ ಹೊಲಿದಂತಾಗಿತ್ತು. ಅದನ್ನೂ ಸರಿ ಮಾಡಿದರು. ಆಗ ಹಳೆಯ ಮೊಬೈಲುಗಳಲ್ಲಿ ಕೋಷ್ಟಕಗಳು ಒಂದರ ಮೇಲೊಂದು ಬಿದ್ದವು. ಕೋಷ್ಟಕ ಎತ್ತಿ ನಿಲ್ಲಿಸಿದರೆ ವರ್ಗಮೂಲದ ಚಾವಣಿ ಕುಸಿಯಿತು. ಹೀಗೆ ವಾರಗಳು ಕಳೆದವು. ಹಾಸಿಗೆಯ ಮೇಲಿನ ಗಿಡ್ಡ ಚಾದರದ ಹಾಗೆ, ಈ ಮೂಲೆ ಎಳೆದರೆ ಆ ಮೂಲೆ ಬಿಚ್ಚಿಕೊಳ್ಳುತ್ತಿತ್ತು. ಅವಳ ಕಣ್ಣು ಉರಿಯುತ್ತಿತ್ತು. ಊಟದ ತಟ್ಟೆಯ ಮುಂದೆ ಕೂತರೂ ಅನ್ನದ ಅಗುಳುಗಳ ನಡುವಿನ ಸಂದಿ ಕಾಣುತ್ತಿತ್ತು.

ಕೊನೆಗೆ ಮ್ಯಾನೇಜರು ಎಲ್ಲರನ್ನೂ ಕರೆದು ಕೂರಿಸಿದರು. ಕಾಲೇಜಿನವರು ಒಪ್ಪಂದ ರದ್ದು ಮಾಡುವ ಮಾತಾಡುತ್ತಿದ್ದಾರೆ, ಏನು ಮಾಡೋಣ ಹೇಳಿ ಎಂದರು. ಆಗ ಅವಳೇ, ತನ್ನ ಹೆಸರು ಹಿಡಿದು ಯಾರೂ ಕೇಳದಿದ್ದರೂ, ಹೇಳಿಬಿಟ್ಟಳು.

"ಎಲ್ಲಾ ಸೂತ್ರಾನೂ ಚಿತ್ರ ಮಾಡಿಬಿಡೋಣ ಸಾರ್. ಚಿತ್ರದೊಳಗಿನ ಸಂದಿ ಯಾವ ಮೊಬೈಲಲ್ಲೂ ಅಲ್ಲಾಡಲ್ಲ."

ಮ್ಯಾನೇಜರು ಮೇಜು ತಟ್ಟಿದರು. "ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ರಿ ಮೇಡಂ ಇದನ್ನ?" ಎಂದರು. ಪಿಟಿಪಿಟಿ ಅವಳ ಕೈ ಹಿಡಿದು ಕುಲುಕಿದಳು. ಈ ಕಂಪನಿಗೆ ಬಂದ ಮೇಲೆ ನಾಲ್ಕು ಜನರ ಮುಂದೆ ಒಬ್ಬರು ಅವಳನ್ನು ಹೊಗಳಿದ್ದು ಅದೇ ಮೊದಲು.

ಪಿಟಿಪಿಟಿ ಬರೆದ ಪ್ರೋಗ್ರಾಮು ಇಡೀ ಪುಸ್ತಕದ ಸೂತ್ರಗಳನ್ನು ಚಿತ್ರ ಮಾಡಿ ಕೂರಿಸಿತು. ಅವಳು ಮೇಜಿನ ಮೇಲಿನ ಅಷ್ಟೂ ಮೊಬೈಲುಗಳಲ್ಲಿ ನೋಡಿದಳು. ಎರಡೂಕಾಲು ಎಲ್ಲ ಕಡೆ ಎರಡೂಕಾಲಾಗಿಯೇ ಇತ್ತು. ಸಮ ಚಿಹ್ನೆಗಳು ಎರಡೂ ಕಡೆ ಅಚ್ಚುಕಟ್ಟಾದ ಜಾಗ ಬಿಟ್ಟುಕೊಂಡು ನಿಂತಿದ್ದವು. ಅಂದು ಸಂಜೆ ಬೇಗ ಹೊರಟು, ದಾರಿಯಲ್ಲಿ ತಾಯಿಗೆ ಇಷ್ಟವೆಂದು ಸೀಬೆಹಣ್ಣು ಕೊಂಡು, ಬಹಳ ದಿನಗಳ ಮೇಲೆ ಹಗುರವಾಗಿ ಮೆಟ್ಟಿಲು ಹತ್ತಿದಳು.

ಒಳಗಿನ ಕೋಣೆಯಲ್ಲಿ ಯಂತ್ರ ಮಾತಾಡುತ್ತಿತ್ತು. "ಆದ್ದರಿಂದ ಚಿತ್ರ. ಇದನ್ನು ಚಿತ್ರ ಎಂದು ಬರೆದುಕೊಂಡರೆ ಚಿತ್ರ ದೊರೆಯುತ್ತದೆ. ಇಲ್ಲಿ ಚಿತ್ರ ಎಂಬುದು ಚಿತ್ರಕ್ಕಿಂತ ದೊಡ್ಡದು."

ಅವಳು ಬಾಗಿಲಲ್ಲೇ ನಿಂತಳು.

"ಅಕ್ಕಾ, ಬಂದ್ಯಾ?" ತಮ್ಮ ನಗುತ್ತಿದ್ದ. "ನಿಮ್ಮ ಪುಟಕ್ಕೆ ಏನೋ ದೆವ್ವ ಬಡ್ಕೊಂಡಿದೆ ನೋಡು. ಬೆಳಿಗ್ಗೆವರೆಗೂ ಸರಿಯಾಗಿತ್ತು, ಈಗ ಬರೀ ಚಿತ್ರ ಚಿತ್ರ ಅಂತ ಬಡ್ಕೊಳ್ತಿದೆ. ಯಾವ ಬೃಹಸ್ಪತಿ ಮಾಡಿದ್ದೋ. ನಾಳೆ ಹೋಗಿ ಸ್ವಲ್ಪ ಉಗಿದು ಬಾ."

ಹೆಗಲ ಮೇಲಿನ ಚೀಲವನ್ನು ಇಳಿಸಲೂ ಅವಳಿಗೆ ತೋಚಲಿಲ್ಲ.

"ನಾನೇ ಕಣೋ."

"ಏನು ನೀನೇ?"

"ಮಾಡಿಸಿದ್ದು ನಾನೇ. ಮೀಟಿಂಗಲ್ಲಿ ನಾನೇ ಹೇಳ್ದೆ, ಎಲ್ಲಾ ಚಿತ್ರ ಮಾಡಿಬಿಡಿ ಅಂತ. ಹೇಳೋವಾಗ ನೀನು ನನ್ನ ನೆನಪಿಗೇ ಬರ್ಲಿಲ್ಲ."

ತಮ್ಮನ ಮುಖದ ಮೇಲಿನ ನಗು ತಕ್ಷಣ ಹೋಗಲಿಲ್ಲ. ಯಾರೋ ಮರೆತು ಬಿಟ್ಟುಹೋದ ಸಾಮಾನಿನಂತೆ ಸ್ವಲ್ಪ ಹೊತ್ತು ಅಲ್ಲೇ ಇತ್ತು.

"ಏನಾಯ್ತ್ರೋ? ಯಾಕೆ ಇಬ್ರೂ ಸುಮ್ಮನಾದ್ರಿ?" ಅಡುಗೆಮನೆಯಿಂದ ತಾಯಿ.

"ಏನಿಲ್ಲಮ್ಮ. ಲ್ಯಾಪ್‌ಟಾಪ್ ಕೆಟ್ಟಿದೆ," ಎಂದ ತಮ್ಮ. ಆಮೇಲೆ ಅಕ್ಕನ ಕಡೆ ತಿರುಗಿ, ದನಿ ತಗ್ಗಿಸಿ, "ಹೋಗ್ಲಿ ಬಿಡು. ಮತ್ತೆ ಮೊದಲಿನ ಹಾಗೆ ಹಾಕ್ಸು," ಎಂದ.

ಮ್ಯಾನೇಜರು ಕೆಟ್ಟವರೇನಲ್ಲ. ಅವಳ ಮಾತನ್ನು ಪೂರ್ತಿ ಕೇಳಿದರು, ಕೇಳಿ ಕಣ್ಣು ಕೆಳಗೆ ಹಾಕಿದರು. "ಮೇಡಂ, ಈಗಷ್ಟೇ ಫೋನ್ ಬರೋದು ನಿಂತಿದೆ. ಮತ್ತೆ ಹಳೇದನ್ನ ಹಾಕಿದ್ರೆ ನಮ್ಮನ್ನ ಮನೆಗೆ ಕಳಿಸ್ತಾರೆ. ಪ್ರತಿ ಚಿತ್ರದ ಹಿಂದೆ ವಿವರಣೆ ಬರೆಯೋಕೆ ಜಾಗ ಇದೆಯಲ್ಲ, ಅದನ್ನ ತುಂಬಿದ್ರೆ ಯಂತ್ರ ಓದತ್ತೆ. ಬಿಡುವಾದಾಗ ನೀವೇ ಬರೀರಿ. ನಾನು ಬೇಡ ಅನ್ನಲ್ಲ." ಹಳೆಯ ಪ್ರತಿಯನ್ನಾದರೂ ಕೊಡೋಣವೆಂದು ಪಿಟಿಪಿಟಿ ಹುಡುಕಿ ಕೊಟ್ಟಳು. ಆದರೆ ಆ ವರ್ಷ ಪಠ್ಯ ಬದಲಾಗಿತ್ತು. ತಮ್ಮ ಓದಬೇಕಾಗಿದ್ದ ಹೊಸ ಅಧ್ಯಾಯಗಳು ಹುಟ್ಟಿನಿಂದಲೇ ಚಿತ್ರವಾಗಿ ಬರುತ್ತಿದ್ದವು.

ವಿವರಣೆ ಬರೆದು ಆಗುವವರೆಗೆ ನಾನೇ ಓದಿ ಹೇಳುತ್ತೇನೆ ಎಂದು ತಮ್ಮನಿಗೆ ಹೇಳಿದಳು. ಸಂಜೆ ಬಂದು ಕೈಕಾಲು ತೊಳೆದು ತಮ್ಮನ ಪಕ್ಕ ಕೂರುತ್ತಿದ್ದಳು.

"ಎ ಪ್ಲಸ್ ಬಿ ಬೈ ಸಿ."

"ಸಿ ಯಾವುದರ ಕೆಳಗಿದೆ? ಬಿ ಕೆಳಗೋ, ಎರಡರ ಕೆಳಗೋ?"

"ಎರಡರ ಕೆಳಗೆ ಕಣೋ, ಕಾಣ್ತಿದೆಯಲ್ಲ..."

ಮಾತು ಬಾಯಿಂದ ಜಾರಿಹೋಗಿತ್ತು. ಕೂದಲೆಳೆಯಷ್ಟು ಜಾಗ ತಪ್ಪಿದರೂ ಹಿಡಿಯುವ ಕಣ್ಣು ಅವಳದು. ಆದರೆ ಆ ಜಾಗವನ್ನು ಬಾಯಲ್ಲಿ ಹೇಳುವುದು ಹೇಗೆಂದು ತಿಳಿಯುತ್ತಿರಲಿಲ್ಲ. ಒಂದು ಪುಟ ಮುಗಿಯುವಷ್ಟರಲ್ಲಿ ಇಬ್ಬರೂ ಬೆವರುತ್ತಿದ್ದರು. ಒಂದು ಸಂಜೆ ಅವನು ರೇಗಿದ, ಅವಳೂ ರೇಗಿದಳು. "ನಾನೂ ಮನುಷ್ಯಳೇ ಕಣೋ, ಯಂತ್ರ ಅಲ್ಲ," ಎಂದಳು. ತಾಯಿ ಬಂದು ನಡುವೆ ನಿಂತು ಎರಡು ತಟ್ಟೆ ಇಟ್ಟು ಹೋದಳು.

ಓದುವುದನ್ನು ಬಿಟ್ಟು ಅವಳು ವಿವರಣೆ ಬರೆಯಲು ಕೂತಳು. ಊಟದ ಬಿಡುವಿನಲ್ಲಿ ಡಬ್ಬಿ ಪಕ್ಕಕ್ಕಿಟ್ಟುಕೊಂಡು, ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು, ಒಂದೊಂದು ಚಿತ್ರದ ಹಿಂದೆಯೂ ಬರೆದಳು: ಭಿನ್ನರಾಶಿ ಶುರು, ಮೇಲೆ ಇದು, ಕೆಳಗೆ ಇದು, ಭಿನ್ನರಾಶಿ ಮುಗಿಯಿತು. ಮೊದಲ ಅಧ್ಯಾಯ ಮುಗಿದಾಗ ತಮ್ಮ ಕೇಳಿ, "ಯಂತ್ರಕ್ಕಿಂತ ನೀನೇ ಚೆನ್ನಾಗಿ ಬರೆದಿದೀಯ," ಎಂದ. ಮನೆಯಲ್ಲಿ ಮತ್ತೆ ಆ ವೇಗದ ಮಾತು ಕೇಳತೊಡಗಿತು. ಪರೀಕ್ಷೆ ಹತ್ತಿರ ಬರುತ್ತಿತ್ತು. ಅವಳು ಅಧ್ಯಾಯದ ಮೇಲೆ ಅಧ್ಯಾಯ ಬರೆದಳು, ಅವನು ಅವಳ ಬೆನ್ನಿಗೇ ಕೇಳುತ್ತ ಬಂದ.

ಎಲ್ಲಕ್ಕಿಂತ ಕಷ್ಟದ ಅಧ್ಯಾಯಗಳನ್ನು ಅವನು ಕೇಳಲು ಶುರುಮಾಡುವ ಹೊತ್ತಿಗೆ ಪುಸ್ತಕದ ಲೇಖಕರು ಒಂದು ತಿದ್ದುಪಡಿ ಕಳಿಸಿದರು. ಆ ಭಾಗದ ಮೊದಲಿಗೆ ಒಂದು ಹೊಸ ಸೂತ್ರ ಸೇರಬೇಕು. ಸೇರಿಸಿದರು. ಚಿತ್ರಗಳೆಲ್ಲ ಒಂದು ಸ್ಥಾನ ಕೆಳಗೆ ಸರಿದವು, ಅವುಗಳ ಹಿಂದಿನ ವಿವರಣೆಗಳು ಮಾತ್ರ ಇದ್ದಲ್ಲೇ ಉಳಿದವು. ಅಲ್ಲಿಂದ ಮುಂದೆ ಪ್ರತಿ ಸೂತ್ರವೂ ಪಕ್ಕದ ಸೂತ್ರದ ಮಾತಾಡತೊಡಗಿತು. ಕಣ್ಣಿಗೆ ಪುಟ ಎಷ್ಟು ಚೊಕ್ಕಟವಾಗಿತ್ತೆಂದರೆ, ಅವಳು ಮೇಜಿನ ಮೇಲಿನ ಎಲ್ಲ ಮೊಬೈಲುಗಳಲ್ಲೂ ನೋಡಿ, ಸರಿಯಿದೆ ಎಂದು ಒಪ್ಪಿಗೆ ಕೊಟ್ಟಳು.

ಮನೆಯಲ್ಲಿ ತಮ್ಮನ ಮಾತು ಕಡಿಮೆಯಾಯಿತು. ಒಂದೇ ಸಾಲನ್ನು ಮತ್ತೆ ಮತ್ತೆ ಹೇಳಿಸಿಕೊಳ್ಳುತ್ತಿದ್ದ. ಯಂತ್ರದ ವೇಗವನ್ನು ತಗ್ಗಿಸಿದ, ಇನ್ನೂ ತಗ್ಗಿಸಿದ. ಕೊನೆಕೊನೆಗೆ ಅದು ಚಿಕ್ಕ ಮಗುವಿಗೆ ಹೇಳಿಕೊಡುವ ಹಾಗೆ ಎಳೆದು ಎಳೆದು ಹೇಳುತ್ತಿತ್ತು.

"ಯಾಕೋ, ಹುಷಾರಿಲ್ವಾ?" ಎಂದಳು ಅಕ್ಕ.

"ಇಲ್ಲಕ್ಕ, ಚೆನ್ನಾಗಿದೀನಿ. ಸ್ವಲ್ಪ ಕಷ್ಟ ಇದೆ ಈ ಅಧ್ಯಾಯ, ಅಷ್ಟೇ."

"ತಟ್ಟೇಲಿ ಅರ್ಧ ಬಿಡ್ತಾನೆ ಕಣೇ. ನೀನೇ ಸ್ವಲ್ಪ ವಿಚಾರಿಸು," ಎಂದಳು ತಾಯಿ. ಪರೀಕ್ಷೆಯ ಭಯ ಇರಬೇಕು ಎಂದುಕೊಂಡು ಅವಳು ಸುಮ್ಮನಾದಳು.

ಪರೀಕ್ಷೆಯ ದಿನ ಅವನು ಹೇಳಿದ್ದನ್ನು ಬರೆಯಲು ಒಬ್ಬರನ್ನು ಕೊಟ್ಟಿದ್ದರು. ಅವಳು ಹೊರಗೆ ಬೆಂಚಿನ ಮೇಲೆ ಕಾದಿದ್ದಳು. ಅವನು ಹೊತ್ತಿಗೆ ಮುಂಚೆಯೇ ಗೋಡೆ ಮುಟ್ಟಿಕೊಂಡು ಹೊರಗೆ ಬಂದ. ಬರೆಯಲು ಬಂದಿದ್ದವರು ಹಿಂದಿನಿಂದ ನೋಡಿ ತಲೆ ಅಲ್ಲಾಡಿಸಿದರು.

"ಅರ್ಧ ಖಾಲಿ ಬಿಟ್ಟೆ," ಎಂದ. ಬಸ್ಸಿನಲ್ಲಿ ಕೂತ ಮೇಲೆ, "ಯಾಕೋ ಈಚೆಗೆ ತಲೆಗೆ ಏನೂ ಹತ್ತುತ್ತಿಲ್ಲಕ್ಕ. ನಿನಗೆ ಹೇಳಿರ್ಲಿಲ್ಲ," ಎಂದ.

ಫಲಿತಾಂಶ ಬರುವುದಕ್ಕೆ ಮೊದಲೇ ಅವನು ಅಂಧರ ಶಾಲೆಗೆ ಫೋನ್ ಮಾಡಿ, ನನ್ನನ್ನು ಕಾಯಬೇಡಿ ಸಾರ್ ಎಂದುಬಿಟ್ಟ. ಅವರು ಬೇರೆ ಯಾರನ್ನೋ ತೆಗೆದುಕೊಂಡರು. ಫಲಿತಾಂಶ ಅವನು ಅಂದುಕೊಂಡ ಹಾಗೆಯೇ ಫೇಲ್ ಎಂದು ಬಂತು. ಲ್ಯಾಪ್‌ಟಾಪನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನ ಮೇಲಿಟ್ಟರು.

ತಪ್ಪು ಅವಳ ಕೈಗೆ ಸಿಕ್ಕಿದ್ದು ಎಷ್ಟೋ ದಿನಗಳ ಮೇಲೆ, ಒಂದು ಬೆಳಿಗ್ಗೆ. ಬೇರೊಂದು ಪುಟಕ್ಕೆ ವಿವರಣೆ ಬರೆಯುವಾಗ, ಅದು ಕಿವಿಗೆ ಹೇಗೆ ಕೇಳುತ್ತದೋ ನೋಡೋಣವೆಂದು ಆಫೀಸಿನ ಗಣಕದಲ್ಲಿ ಓದುವ ತಂತ್ರಾಂಶ ಹಾಕಿ, ಇಯರ್‌ಫೋನ್ ಸಿಕ್ಕಿಸಿಕೊಂಡಳು. ಪಕ್ಕದಲ್ಲಿ ತಮ್ಮ ಓದಿದ ಅಧ್ಯಾಯ ತೆರೆದೇ ಇತ್ತು. ಅದನ್ನೂ ಕೇಳಿದಳು. ಕಣ್ಣ ಮುಂದಿದ್ದದ್ದು ಒಂದು ಸೂತ್ರ, ಕಿವಿಯಲ್ಲಿ ಬಿದ್ದದ್ದು ಇನ್ನೊಂದು. ಮುಂದಿನದೂ ಹಾಗೇ, ಅದರ ಮುಂದಿನದೂ ಹಾಗೇ. ಪುಟದ ಕೊನೆ ಮುಟ್ಟಿ, ಮತ್ತೆ ಮೊದಲಿನಿಂದ ಕೇಳಿದಳು; ಅವಳ ಮುಖ ನೋಡಿ ಪಿಟಿಪಿಟಿ ಎದ್ದು ಬಂದು ನೀರು ಕೊಟ್ಟಳು.

ಅಂದು ಮಧ್ಯಾಹ್ನವೇ ಆಸ್ಪತ್ರೆಗೆ ಹೋದಳು. ತಮ್ಮನಿಗೆ ಊಟದ ಬಿಡುವು. ಹಿಂದಿನ ಅಂಗಳದ ಕಟ್ಟೆಯ ಮೇಲೆ ಇಬ್ಬರೂ ಕೂತರು. ಒಣಹಾಕಿದ ಬಿಳಿ ಹಾಸಿಗೆವಸ್ತ್ರಗಳು ಗಾಳಿಗೆ ಪಟಪಟ ಎನ್ನುತ್ತಿದ್ದವು. ಅವಳು ಒಂದೂ ಬಿಡದೆ ಹೇಳಿದಳು.

"ಅಂದ್ರೆ ನನ್ನ ತಲೆ ಸರಿಯಾಗೇ ಇತ್ತು," ಎಂದ ಅವನು.

"ಸರಿಯಾಗೇ ಇತ್ತು ಕಣೋ. ತಪ್ಪಿದ್ದು ನನ್ನ ಕಡೆ. ಇವತ್ತೇ ಎಲ್ಲಾ ಸರಿ ಮಾಡ್ತೀನಿ. ಮತ್ತೆ ಬರಿ. ಈ ಶಾಲೆ ಹೋದ್ರೆ ಇನ್ನೊಂದು ಸಿಗತ್ತೆ."

ತಮ್ಮ ಡಬ್ಬಿಯ ಮುಚ್ಚಳವನ್ನು ಕೈಯಲ್ಲಿ ತಿರುಗಿಸುತ್ತಿದ್ದ.

"ಕಣ್ಣು ಹೋದಾಗ, ಹೋಗ್ಲಿ, ತಲೆ ಇದೆಯಲ್ಲ ಅಂದ್ಕೊಂಡಿದ್ದೆ. ಆ ಅಧ್ಯಾಯಗಳನ್ನ ಕೇಳ್ತಾ ಕೇಳ್ತಾ, ಅದೂ ಹೋಯ್ತು ಅಂತಾನೇ ಬದುಕಿದೀನಿ ಅಕ್ಕ. ರಾತ್ರಿ ಹಗಲು ಅದೇ. ಈಗ ನೀನು ಬಂದು ಹಾಗೇನಿಲ್ಲ ಅಂತೀಯ. ಸಂತೋಷ. ಆದ್ರೆ ಮತ್ತೆ ಆ ಲ್ಯಾಪ್‌ಟಾಪ್ ಮುಂದೆ ಕೂತು, ಒಂದು ಸಾಲು ಅರ್ಥ ಆಗದೇ ಇದ್ರೆ, ಇದು ನನ್ನ ತಪ್ಪೋ ಪುಟದ ತಪ್ಪೋ ಅಂತ ಒದ್ದಾಡೋ ಶಕ್ತಿ ನನಗಿಲ್ಲ."

"ನಾನಿರ್ತೀನಲ್ಲೋ ಪಕ್ಕದಲ್ಲಿ."

"ಅವಾಗ್ಲೂ ನೀನಿದ್ದೆ." ಅವನು ಬಿರುಸಾಗಿ ಹೇಳಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಒಳಗೆ ಫೋನ್ ಹೊಡೆದುಕೊಳ್ಳುತ್ತಿತ್ತು. ಎದ್ದು, ಅವಳ ಹೆಗಲನ್ನು ಹುಡುಕಿ ಮುಟ್ಟಿ, ಕಂಬ ಹಿಡಿದುಕೊಂಡು ಒಳಗೆ ಹೋದ.

ಅವಳು ವಿವರಣೆಗಳನ್ನೆಲ್ಲ ಒಂದೊಂದು ಸ್ಥಾನ ಸರಿಸಿ, ಕಿವಿಗೊಟ್ಟು ಕೇಳಿ, ಸರಿ ಮಾಡಿದಳು. ಉಳಿದ ಅಧ್ಯಾಯಗಳಿಗೂ ಬರೆದು ಮುಗಿಸಿದಳು. ಅದನ್ನು ಯಾರಾದರೂ ಕೇಳಿದರೋ ಇಲ್ಲವೋ ತಿಳಿಯುವ ದಾರಿಯಿರಲಿಲ್ಲ. ಸ್ವಲ್ಪ ಕಾಲಕ್ಕೆ ಕಾಲೇಜಿನವರು ಪುಸ್ತಕಗಳ ಕೆಲಸವನ್ನು ಬೇರೆ ಕಂಪನಿಗೆ ಕೊಟ್ಟರು. ಆ ಕಂಪನಿ ಎಲ್ಲವನ್ನೂ ತನ್ನ ಪದ್ಧತಿಗೆ ಬದಲಾಯಿಸಿಕೊಂಡಿತು. ಬದಲಾಯಿಸುವಾಗ ಚಿತ್ರಗಳು ಹೊಸ ಪುಟಗಳಿಗೆ ದಾಟಿದವು, ವಿವರಣೆಗಳು ದಾಟಲಿಲ್ಲ. ಅವಳು ಬರೆದದ್ದೆಲ್ಲ ಅಲ್ಲಿಗೆ ಅಳಿಸಿಹೋಯಿತು. ಅವಳಿಗೆ ಮೇಜು ಕುರ್ಚಿ ಮಾರುವ ಅಂಗಡಿಯೊಂದರ ಪುಟಗಳನ್ನು ನೋಡುವ ಕೆಲಸ ಕೊಟ್ಟರು.

ಈಗಲೂ ಅಕ್ಕ ತಮ್ಮ ಬೆಳಿಗ್ಗೆ ಒಂದೇ ಬಸ್ಸು ಹಿಡಿಯುತ್ತಾರೆ. ತಾಯಿಯ ಮಂಡಿನೋವು, ಸೋರುವ ನಲ್ಲಿ, ಮೇಲಿನ ಮನೆಯವರ ಗಲಾಟೆ, ಹೀಗೆ ಏನಾದರೂ ಮಾತಾಡುತ್ತಾರೆ. ಗಣಿತದ ಮಾತು ಅವನೂ ಎತ್ತುವುದಿಲ್ಲ, ಅವಳೂ ಎತ್ತುವುದಿಲ್ಲ. ಆಸ್ಪತ್ರೆಯ ನಿಲ್ದಾಣ ಬಂದಾಗ ಅವಳು ಅವನ ಮೊಣಕೈ ಮುಟ್ಟುತ್ತಾಳೆ.

"ಹುಷಾರಾಗಿ ಇಳಿ."

"ಹೂಂ," ಎನ್ನುತ್ತಾನೆ ಅವನು, ಇಳಿದು ಹೋಗುತ್ತಾನೆ.